ಮರ್ರೆ-ಡಾರ್ಲಿಂಗ್: ಆಸ್ಟ್ರೇಲಿಯಾ ತನ್ನ ನೀರಿನ ಲೆಕ್ಕ ಬರೆಯಲು ಕಲಿತ ಬಗೆ

ಮೆಲ್ಬರ್ನ್‌ನಿಂದ ಸಿಡ್ನಿಗೆ ಕಾರಿನಲ್ಲಿ ಹೋಗುವ ಕನ್ನಡಿಗರಿಗೆಲ್ಲ ಹ್ಯೂಮ್ ಹೆದ್ದಾರಿ ಚೆನ್ನಾಗಿ ಗೊತ್ತು. ಮೂರು ಮೂರೂವರೆ ಗಂಟೆ ಓಡಿಸಿದ ಮೇಲೆ ವೊಡೊಂಗ ಊರಿನ ಪಕ್ಕ ಒಂದು ಸೇತುವೆ ಬರುತ್ತದೆ. ಆಚೆ ದಡ ಆಲ್ಬರಿ, ಅಂದರೆ ನ್ಯೂ ಸೌತ್ ವೇಲ್ಸ್. ಹಿಂದಿನ ಸೀಟಿನ ಮಕ್ಕಳು "ಸ್ಟೇಟ್ ಚೇಂಜ್!" ಎಂದು ಕೂಗುವಷ್ಟರಲ್ಲಿ ಸೇತುವೆ ಮುಗಿದೇ ಹೋಗಿರುತ್ತದೆ. ಕೆಳಗೆ ಹರಿಯುವುದೇ ಮರ್ರೆ ನದಿ, ಈ ದೇಶದ ಅತಿ ಉದ್ದದ ನದಿ. ಶ್ರೀರಂಗಪಟ್ಟಣದ ಸೇತುವೆಯಿಂದ ಮಳೆಗಾಲದ ಕಾವೇರಿಯನ್ನು ನೋಡಿ ಬೆಳೆದ ನಮಗೆ ಮೊದಲ ಸಲ ಅನಿಸಿದ್ದು ಒಂದೇ ಮಾತು: "ಇಷ್ಟೇನಾ?"

ಇಷ್ಟೇ! ಆದರೆ ಇಷ್ಟು ನೀರಿಗಾಗಿ ನಾಲ್ಕು ರಾಜ್ಯಗಳು ನೂರು ವರ್ಷಕ್ಕೂ ಮೀರಿ ಜಗಳವಾಡಿವೆ, ಒಪ್ಪಂದ ಮಾಡಿಕೊಂಡಿವೆ, ಒಪ್ಪಂದ ಮುರಿದಿವೆ, ಮತ್ತೆ ಕೂತು ಮಾತಾಡಿವೆ. ಊರಿನಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಸಂಘದ ಕೂಟಗಳಲ್ಲೂ ಕಾವೇರಿ ಮಾತು ಬಂದೇ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಆದಾಗ ಊಟದ ಸಾಲಿನಲ್ಲಿ ಅದೇ ಚರ್ಚೆ. "ಇಲ್ಲಿಯವರು ಹೇಗೆ ಮಾಡ್ತಾರ್ರೀ? ಇವರಿಗೂ ನದಿ ಜಗಳ ಇಲ್ವೇ?" ಎಂದು ಮಂಡ್ಯ ಕಡೆಯ ಹಿರಿಯರೊಬ್ಬರು ಕೇಳಿದರು. ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಒಂದೆಡೆ ಇಡುತ್ತಿದ್ದೇವೆ. ನಾವು ನೀರಾವರಿ ತಜ್ಞರಲ್ಲ, ಸಾಫ್ಟ್‌ವೇರ್ ಕೆಲಸದವರು. ಹಾಗಾಗಿ ನಮ್ಮ ಕಣ್ಣು ಹೆಚ್ಚಾಗಿ ಹೋಗಿರುವುದು ಅಳತೆ, ಲೆಕ್ಕ ಮತ್ತು ಮಾಹಿತಿಯ ಕಡೆಗೆ.

ಮೊದಲು ಅಳತೆಯ ಮಾತು

ನಮ್ಮ ಪತ್ರಿಕೆಗಳಲ್ಲಿ ನೀರನ್ನು ಟಿಎಂಸಿಯಲ್ಲಿ ಬರೆಯುತ್ತಾರೆ. ಅಂದರೆ ನೂರು ಕೋಟಿ ಘನ ಅಡಿ. ಇಲ್ಲಿ ಗಿಗಾಲೀಟರ್, ಅಂದರೆ ನೂರು ಕೋಟಿ ಲೀಟರ್. ಒಂದು ಟಿಎಂಸಿಗೆ ಸುಮಾರು 28.3 ಗಿಗಾಲೀಟರ್. ಈ ಒಂದು ಸಂಖ್ಯೆ ನೆನಪಿದ್ದರೆ ಇಲ್ಲಿಯ ಸುದ್ದಿಗಳೆಲ್ಲ ನಮಗೆ ಅರ್ಥವಾಗುವ ಭಾಷೆಗೆ ಬರುತ್ತವೆ.

ಆಲ್ಬರಿಯ ಹತ್ತಿರವೇ ಇರುವ ಹ್ಯೂಮ್ ಅಣೆಕಟ್ಟಿನ ಸಾಮರ್ಥ್ಯ ಸುಮಾರು 3,005 ಗಿಗಾಲೀಟರ್, ಅಂದರೆ 106 ಟಿಎಂಸಿ. ನಮ್ಮ ಕನ್ನಂಬಾಡಿ ಕಟ್ಟೆ 49.45 ಟಿಎಂಸಿ. ಹ್ಯೂಮ್ ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಹೂಳು ತುಂಬಿದ ಮೇಲೆ ಈಗ ತುಂಗಭದ್ರಾ ಜಲಾಶಯದಲ್ಲಿ ಉಳಿದಿರುವ ಸಾಮರ್ಥ್ಯವೂ ಸುಮಾರು ಇಷ್ಟೇ. ಮರ್ರೆ ವ್ಯವಸ್ಥೆಯ ಅತಿ ದೊಡ್ಡ ಜಲಾಶಯವಾದ ಡಾರ್ಟ್‌ಮತ್ 3,856 ಗಿಗಾಲೀಟರ್, ಅಂದರೆ 136 ಟಿಎಂಸಿ.

ಇನ್ನು ಕಣಿವೆಯ ವಿಸ್ತೀರ್ಣ ನೋಡೋಣ. ಕಾವೇರಿ ಕಣಿವೆ 81,155 ಚದರ ಕಿಲೋಮೀಟರ್. ಮರ್ರೆ ಮತ್ತು ಡಾರ್ಲಿಂಗ್ ನದಿಗಳ ಜಲಾನಯನ ಪ್ರದೇಶ 10 ಲಕ್ಷ ಚದರ ಕಿಲೋಮೀಟರ್‌ಗಿಂತ ಹೆಚ್ಚು, ಅಂದರೆ ಆಸ್ಟ್ರೇಲಿಯಾದ ಏಳನೇ ಒಂದು ಭಾಗ, ಕಾವೇರಿ ಕಣಿವೆಯ ಹದಿಮೂರು ಪಟ್ಟು. ಆದರೆ ನೀರು? ಕಾವೇರಿಯಲ್ಲಿ ನ್ಯಾಯಮಂಡಳಿ ಒಪ್ಪಿದ ಲೆಕ್ಕ 740 ಟಿಎಂಸಿ. ಮರ್ರೆ-ಡಾರ್ಲಿಂಗ್‌ನ ದೀರ್ಘಕಾಲದ ಸರಾಸರಿ ಒಳಹರಿವು ಸುಮಾರು 32,500 ಗಿಗಾಲೀಟರ್, ಅಂದರೆ 1,150 ಟಿಎಂಸಿ. ಹದಿಮೂರು ಪಟ್ಟು ನೆಲ, ಬರೀ ಒಂದೂವರೆ ಪಟ್ಟು ನೀರು! ಅದೂ ಸರಾಸರಿ ಮಾತ್ರ. ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬರ. ಇಲ್ಲಿ ಸರಾಸರಿಯನ್ನು ನಂಬಿ ಬೆಳೆ ಇಟ್ಟವನು ಕೆಟ್ಟ.

ಈ ಕಣಿವೆಯಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ಎಂಬ ನಾಲ್ಕು ರಾಜ್ಯಗಳ ಭಾಗಗಳೂ ರಾಜಧಾನಿ ಕ್ಯಾನ್‌ಬೆರಾ ಪ್ರದೇಶವೂ ಸೇರಿವೆ. 20 ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ವಾಸವಾಗಿದ್ದಾರೆ. ನಾವು ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳುವ ದ್ರಾಕ್ಷಿ, ಕಿತ್ತಳೆ, ಬಾದಾಮಿ, ಅಕ್ಕಿ, ಇವುಗಳಲ್ಲಿ ಬಹುಪಾಲು ಇಲ್ಲಿಂದಲೇ ಬರುತ್ತವೆ. ಕಣಿವೆಯ ಹೊರಗಿರುವ ಅಡಿಲೇಡ್ ನಗರ ಕೂಡ ಪೈಪಿನ ಮೂಲಕ ಮರ್ರೆ ನೀರನ್ನೇ ಕುಡಿಯುತ್ತದೆ.

ಸಂವಿಧಾನದ ಒಂದು ಸಾಲು

ಭಾರತದ ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೇ ವಿಷಯ. ಅಂತಾರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇ ವಿಷಯ. ಆಸ್ಟ್ರೇಲಿಯಾದಲ್ಲೂ ಇದೇ ತರಹದ ಹಗ್ಗ ಜಗ್ಗಾಟ. 1901ರಲ್ಲಿ ಜಾರಿಗೆ ಬಂದ ಸಂವಿಧಾನದ 100ನೇ ಕಲಮು, ವ್ಯಾಪಾರ ವಾಣಿಜ್ಯದ ಕಾನೂನುಗಳ ಮೂಲಕ ರಾಜ್ಯಗಳ ಮತ್ತು ಅಲ್ಲಿಯ ನಿವಾಸಿಗಳ ನದಿನೀರಿನ ನ್ಯಾಯಯುತ ಬಳಕೆಯ ಹಕ್ಕನ್ನು ಕೇಂದ್ರ ಕಿತ್ತುಕೊಳ್ಳಬಾರದು ಎನ್ನುತ್ತದೆ. ಹೀಗಾಗಿ ನದಿಗಳು ರಾಜ್ಯಗಳ ಕೈಯಲ್ಲೇ ಉಳಿದವು.

ಆ ಕಾಲದಲ್ಲೇ ಭೀಕರ ಬರ ಬಂದಿತ್ತು. 1895ರಿಂದ 1902ರವರೆಗಿನ ಆ ಬರವನ್ನು ಫೆಡರೇಶನ್ ಬರ ಎಂದೇ ಕರೆಯುತ್ತಾರೆ. 1902ರಲ್ಲಿ ಕೊರೋವಾ ಎಂಬ ಗಡಿ ಊರಿನಲ್ಲಿ ಸಭೆ ಸೇರಿತು. ಹನ್ನೆರಡು ವರ್ಷಗಳ ಮಾತುಕತೆಯ ನಂತರ 1914ರಲ್ಲಿ ಕೇಂದ್ರ ಮತ್ತು ಮೂರು ರಾಜ್ಯಗಳು ಮರ್ರೆ ನದಿ ಒಪ್ಪಂದಕ್ಕೆ ಸಹಿ ಹಾಕಿದವು. 1915ರಲ್ಲಿ ಅದು ಕಾನೂನಾಯಿತು. ಅದರ ತಿರುಳು ಸರಳ: ಆಲ್ಬರಿಯಲ್ಲಿ ಹರಿಯುವ ನೀರು ನ್ಯೂ ಸೌತ್ ವೇಲ್ಸ್‌ಗೂ ವಿಕ್ಟೋರಿಯಾಕ್ಕೂ ಸಮಪಾಲು, ಅದರ ಕೆಳಗೆ ಸೇರುವ ಉಪನದಿಗಳು ಆಯಾ ರಾಜ್ಯಕ್ಕೆ, ಕೆಳದಂಡೆಯ ಸೌತ್ ಆಸ್ಟ್ರೇಲಿಯಾಕ್ಕೆ ಒಂದು ಖಾತ್ರಿ ಪ್ರಮಾಣ. ಇಂದು ಆ ಖಾತ್ರಿ ವರ್ಷಕ್ಕೆ 1,850 ಗಿಗಾಲೀಟರ್, ಸುಮಾರು 65 ಟಿಎಂಸಿ. ಬಿಳಿಗುಂಡ್ಲುವಿನಲ್ಲಿ ನಾವು ಬಿಡಬೇಕಾದ ನೀರಿನ ಹಾಗೆ ಇದಕ್ಕೂ ತಿಂಗಳವಾರು ಪಟ್ಟಿ ಇದೆ.

ಮೈಸೂರು ಮತ್ತು ಮದರಾಸು 1892ರಲ್ಲೂ 1924ರಲ್ಲೂ ಮಾಡಿಕೊಂಡ ಒಪ್ಪಂದಗಳು ನೆನಪಾಗುತ್ತವಲ್ಲವೇ? ಒಂದು ವ್ಯತ್ಯಾಸ ಗಮನಿಸಬೇಕು. ಇಲ್ಲಿ ಒಪ್ಪಂದದ ಜೊತೆಗೇ, 1917ರಲ್ಲಿ, ಅದನ್ನು ನಡೆಸಲು ಒಂದು ಜಂಟಿ ಆಯೋಗವೂ ಹುಟ್ಟಿತು. ಕಾವೇರಿಗೆ ನಿರ್ವಹಣಾ ಪ್ರಾಧಿಕಾರ ಬಂದದ್ದು 2018ರ ಜೂನ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ನಂತರ.

ಇದರಿಂದ ಇಲ್ಲಿಯವರೇ ಜಾಣರು ಎಂದುಕೊಳ್ಳಬೇಕಿಲ್ಲ. ಜಂಟಿ ಆಯೋಗವಿದ್ದರೂ ಮುಂದಿನ ಎಪ್ಪತ್ತು ವರ್ಷ ಎಲ್ಲರೂ ಮಾಡಿದ್ದು ಒಂದೇ ಕೆಲಸ. ಇನ್ನಷ್ಟು ಅಣೆಕಟ್ಟು, ಇನ್ನಷ್ಟು ಕಾಲುವೆ, ಇನ್ನಷ್ಟು ಪರವಾನಗಿ. ನದಿಗೂ ಒಂದಿಷ್ಟು ಉಳಿಯಬೇಕು ಎಂದು ಯಾರೂ ಕೇಳಲಿಲ್ಲ. ಆ ನದಿಯ ದಡದಲ್ಲಿ ಸಾವಿರಾರು ವರ್ಷಗಳಿಂದ ಇದ್ದ ಮೂಲನಿವಾಸಿಗಳನ್ನಂತೂ ಯಾರೂ ಕೇಳಲೇ ಇಲ್ಲ. ಬಾರ್ಕಿಂಜಿ ಜನರಿಗೆ ಡಾರ್ಲಿಂಗ್ ನದಿ "ಬಾಕಾ". ಅವರ ಹೆಸರೇ ನದಿಯ ಜನ ಎಂಬ ಅರ್ಥದ್ದು.

ನದಿ ಹಸಿರಾದ ವರ್ಷ

1991ರ ಕೊನೆಯಲ್ಲಿ ಡಾರ್ಲಿಂಗ್ ನದಿ ಸುಮಾರು 1,000 ಕಿಲೋಮೀಟರ್ ಉದ್ದಕ್ಕೂ ವಿಷಕಾರಿ ಪಾಚಿಯಿಂದ ಹಸಿರಾಯಿತು. ನ್ಯೂ ಸೌತ್ ವೇಲ್ಸ್ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಹರಿವು ಕಡಿಮೆಯಾಗಿ, ನೀರು ನಿಂತು, ಗೊಬ್ಬರದ ಅಂಶ ಸೇರಿ, ಬಿಸಿಲು ಕಾದಾಗ ಹೀಗಾಗುತ್ತದೆ. ಬೆಳ್ಳಂದೂರು ಕೆರೆಯನ್ನು ನೋಡಿದವರಿಗೆ ಪೋಷಕಾಂಶ ಹೆಚ್ಚಾದ ನೀರಿನ ಪಾಡು ವಿವರಿಸಬೇಕಿಲ್ಲ.

ಆ ಪೆಟ್ಟಿನ ನಂತರ ಎರಡು ತೀರ್ಮಾನಗಳಾದವು. 1994ರಲ್ಲಿ ಕೇಂದ್ರ ಮತ್ತು ರಾಜ್ಯಗಳು ಸೇರಿ ನೀರಿನ ಸುಧಾರಣೆಗೆ ಒಂದು ಚೌಕಟ್ಟನ್ನು ಒಪ್ಪಿದವು. 1995ರಲ್ಲಿ ಕಣಿವೆಯಿಂದ ಎತ್ತುವ ನೀರಿಗೆ "ಕ್ಯಾಪ್" ಬಂತು. 1993-94ರ ಅಭಿವೃದ್ಧಿಯ ಮಟ್ಟಕ್ಕಿಂತ ಹೆಚ್ಚು ಎತ್ತುವಂತಿಲ್ಲ ಎಂದಾಯಿತು. ಹೊಸದಾಗಿ ತೋಟ ಮಾಡಬೇಕೇ? ಹಳಬರಿಂದ ಹಕ್ಕನ್ನು ಕೊಳ್ಳಿ. ಸರ್ಕಾರ ಹೊಸ ಪರವಾನಗಿ ಕೊಡುವುದಿಲ್ಲ.

2004ರ ರಾಷ್ಟ್ರೀಯ ಒಪ್ಪಂದ

ಈ ಎಲ್ಲ ಚೂರುಗಳನ್ನು ದೇಶದ ಮಟ್ಟದಲ್ಲಿ ಒಂದುಗೂಡಿಸಿದ್ದು 2004ರ ಜೂನ್ 25ರಂದು ಸಹಿಯಾದ ನ್ಯಾಷನಲ್ ವಾಟರ್ ಇನಿಷಿಯೇಟಿವ್. ಟಾಸ್ಮೇನಿಯಾ 2005ರಲ್ಲಿ, ವೆಸ್ಟರ್ನ್ ಆಸ್ಟ್ರೇಲಿಯಾ 2006ರಲ್ಲಿ ಸೇರಿದ ಮೇಲೆ ಎಲ್ಲ ರಾಜ್ಯಗಳೂ ಒಳಗೆ ಬಂದಂತಾಯಿತು. ಅದರ ಮುಖ್ಯ ಅಂಶಗಳನ್ನು ಹೀಗೆ ಹೇಳಬಹುದು:

1. ಪ್ರತಿ ನದಿ ಮತ್ತು ಅಂತರ್ಜಲ ಪ್ರದೇಶಕ್ಕೂ ಲಿಖಿತ ಯೋಜನೆ ಇರಬೇಕು. ಎಷ್ಟು ಎತ್ತಬಹುದು, ಪರಿಸರಕ್ಕೆ ಎಷ್ಟು ಬಿಡಬೇಕು ಎಂಬುದು ಅದರಲ್ಲಿರಬೇಕು.
2. ಅತಿಯಾಗಿ ಹಂಚಿಬಿಟ್ಟ ಕಡೆ ಬಳಕೆಯನ್ನು ತಾಳಿಕೊಳ್ಳಬಲ್ಲ ಮಟ್ಟಕ್ಕೆ ಇಳಿಸಬೇಕು.
3. ನೀರಿನ ಹಕ್ಕು ಜಮೀನಿನಿಂದ ಬೇರೆಯಾಗಿ, ಸ್ಪಷ್ಟ ದಾಖಲೆಯಾಗಿ, ಮಾರಲು ಕೊಳ್ಳಲು ಬರುವಂತಿರಬೇಕು.
4. ನೀರು ತಲುಪಿಸುವ ಖರ್ಚು ಬಿಲ್ಲಿನಲ್ಲಿ ಕಾಣಬೇಕು.
5. ಅಳತೆ, ಲೆಕ್ಕ ಮತ್ತು ಅದರ ಪ್ರಕಟಣೆ ಕಡ್ಡಾಯ.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ರೈತರ ಹಕ್ಕಿಗೆ ಎಂಟೈಟಲ್‌ಮೆಂಟ್ ಎನ್ನುತ್ತಾರೆ. ಅದು ಪಾಲು ಇದ್ದ ಹಾಗೆ. ಆ ವರ್ಷ ಆ ಪಾಲಿಗೆ ನಿಜವಾಗಿ ಸಿಗುವ ನೀರಿಗೆ ಅಲೊಕೇಶನ್ ಎನ್ನುತ್ತಾರೆ. ಉದಾಹರಣೆಗೆ, ಒಬ್ಬ ರೈತರ ಹೆಸರಿನಲ್ಲಿ 100 ಮೆಗಾಲೀಟರ್ ಪಾಲು ಇದೆ ಎನ್ನಿ. ಜಲಾಶಯ ಅರ್ಧ ಖಾಲಿ ಇದ್ದು ಸರ್ಕಾರ ಶೇಕಡಾ 40 ಎಂದು ಪ್ರಕಟಿಸಿದರೆ ಅವರಿಗೆ ಸಿಗುವುದು 40 ಮೆಗಾಲೀಟರ್. ಹೆಚ್ಚು ಭದ್ರತೆಯ ಪಾಲು, ಸಾಮಾನ್ಯ ಭದ್ರತೆಯ ಪಾಲು ಎಂದು ಬೇರೆ ಬೇರೆ ದರ್ಜೆಗಳಿವೆ. ಬರದ ವರ್ಷದಲ್ಲಿ ಭತ್ತದ ರೈತ ಬಿತ್ತನೆ ಬಿಟ್ಟು ತನ್ನ ನೀರನ್ನು ಬಾದಾಮಿ ತೋಟದವರಿಗೆ ಮಾರಬಹುದು. ತೋಟದ ಮರ ಒಣಗಿದರೆ ಮತ್ತೆ ಬೆಳೆಸಲು ವರ್ಷಗಳೇ ಬೇಕು. ಭತ್ತ ಮುಂದಿನ ವರ್ಷ ಹಾಕಬಹುದು. ವ್ಯವಸ್ಥೆಯ ತರ್ಕ ಇದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಜಮೀನೇ ಇಲ್ಲದ ಹೂಡಿಕೆದಾರರು ನೀರು ಕೊಂಡು ಮಾರತೊಡಗಿದರು. ನೀರು ಮಾರಿಹೋದ ಊರುಗಳಲ್ಲಿ ಹಾಲಿನ ಡೈರಿ, ಅಂಗಡಿ, ಶಾಲೆ ಸೊರಗಿದವು. ಈ ಮಾರುಕಟ್ಟೆಯ ಬಗ್ಗೆ ಸ್ಪರ್ಧಾ ಮತ್ತು ಗ್ರಾಹಕ ಆಯೋಗ 2021ರಲ್ಲಿ ವರದಿ ಕೊಟ್ಟಿತು. ಇಷ್ಟು ದೊಡ್ಡ ಮಾರುಕಟ್ಟೆಯಲ್ಲಿ ದಲ್ಲಾಳಿಗಳ ಮೇಲೆ ಸರಿಯಾದ ನಿಯಮಗಳೇ ಇಲ್ಲ, ಮಾಹಿತಿ ಎಲ್ಲರಿಗೂ ಸಮಾನವಾಗಿ ಸಿಗುತ್ತಿಲ್ಲ ಎಂದು ಅದು ಹೇಳಿತು. ಕೆಲವು ಸುಧಾರಣೆಗಳು ಆಮೇಲೆ ಬಂದವು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ!

ದೊಡ್ಡ ಬರ ಮತ್ತು ಕಣಿವೆ ಯೋಜನೆ

1997ರಿಂದ 2009ರವರೆಗೆ ಆಸ್ಟ್ರೇಲಿಯಾದ ಆಗ್ನೇಯ ಭಾಗ ಕಂಡ ಬರಕ್ಕೆ ಮಿಲೇನಿಯಮ್ ಬರ ಎಂದು ಹೆಸರು. 2006-07ರಲ್ಲಿ ಮರ್ರೆಗೆ ಬಂದ ನೀರು ದಾಖಲೆಯಲ್ಲೇ ಅತಿ ಕಡಿಮೆ. ನದಿ ಸಮುದ್ರ ಸೇರುವ ಬಾಯಿ ಮರಳಿನಿಂದ ಮುಚ್ಚಿಹೋಗದಂತೆ 2002ರಿಂದ 2010ರವರೆಗೆ ಯಂತ್ರಗಳು ಮರಳು ತೆಗೆಯುತ್ತಲೇ ಇದ್ದವು. 2015ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ಕೊನೆಯಲ್ಲಿರುವ ಅಲೆಕ್ಸಾಂಡ್ರಿನಾ ಸರೋವರದ ಮಟ್ಟ 2009ರಲ್ಲಿ ಸಮುದ್ರ ಮಟ್ಟಕ್ಕಿಂತಲೂ ಕೆಳಗಿಳಿಯಿತು. ತಳದ ಮಣ್ಣು ಗಾಳಿಗೆ ತೆರೆದು ಆಮ್ಲವಾಗತೊಡಗಿತು.

2007ರ ಜನವರಿಯಲ್ಲಿ ಆಗಿನ ಪ್ರಧಾನಿ ಜಾನ್ ಹೋವರ್ಡ್ 1,000 ಕೋಟಿ ಡಾಲರ್‌ಗಳ ರಾಷ್ಟ್ರೀಯ ಜಲಭದ್ರತಾ ಯೋಜನೆ ಪ್ರಕಟಿಸಿದರು. ಅದೇ ವರ್ಷ ಕೇಂದ್ರದ ನೀರಿನ ಕಾಯ್ದೆ ಬಂತು. ಅದರಿಂದ ಮೂರು ಸಂಸ್ಥೆಗಳು ಮುಖ್ಯವಾದವು. ಇಡೀ ಕಣಿವೆಗೆ ಒಂದೇ ಯೋಜನೆ ಬರೆಯಲು ಮರ್ರೆ-ಡಾರ್ಲಿಂಗ್ ಕಣಿವೆ ಪ್ರಾಧಿಕಾರ. ನದಿಯ ಪರವಾಗಿ ನೀರಿನ ಪಾಲು ಇಟ್ಟುಕೊಂಡು ಬಿಡಲು ಪರಿಸರ ನೀರಿನ ಅಧಿಕಾರಿ. ಮತ್ತು ದೇಶದ ನೀರಿನ ಮಾಹಿತಿ ಒಟ್ಟುಗೂಡಿಸಲು ಹವಾಮಾನ ಇಲಾಖೆ.

ಎರಡನೆಯದು ನಮಗೆ ಬಹಳ ಹೊಸದೆನಿಸಿತು. ರೈತರ ಹತ್ತಿರ ಪಾಲು ಇರುವಂತೆಯೇ ನದಿಯ ಹೆಸರಿನಲ್ಲೂ ಪಾಲು ಇದೆ. ಬರದಲ್ಲಿ ಅದಕ್ಕೂ ಕಡಿತವಾಗುತ್ತದೆ, ಒಳ್ಳೆಯ ವರ್ಷದಲ್ಲಿ ಅದಕ್ಕೂ ಪೂರ್ತಿ ಸಿಗುತ್ತದೆ.

2010ರ ಅಕ್ಟೋಬರ್‌ನಲ್ಲಿ ಯೋಜನೆಯ ಮೊದಲ ಕರಡು ಬಂದಾಗ ಗ್ರಿಫಿತ್ ಊರಿನಲ್ಲಿ ರೈತರು ಅದರ ಪ್ರತಿಗಳನ್ನು ಸುಟ್ಟರು. ಮಂಡ್ಯದ ರಸ್ತೆಯಲ್ಲಿ ಟೈರು ಸುಟ್ಟದ್ದನ್ನು ನೋಡಿದ ನಮಗೆ ಆ ಫೋಟೋ ಅಪರಿಚಿತ ಅನಿಸಲಿಲ್ಲ. ನೀರು ಕಡಿಮೆ ಮಾಡುತ್ತೇವೆ ಎಂದರೆ ಯಾವ ದೇಶದ ರೈತನೂ ಸುಮ್ಮನಿರುವುದಿಲ್ಲ. ಎರಡು ವರ್ಷಗಳ ಚರ್ಚೆಯ ನಂತರ 2012ರ ನವೆಂಬರ್‌ನಲ್ಲಿ ಯೋಜನೆ ಕಾನೂನಾಯಿತು. ಅಲ್ಲಿಯವರೆಗೆ ವರ್ಷಕ್ಕೆ ಸರಾಸರಿ 13,623 ಗಿಗಾಲೀಟರ್ ಇದ್ದ ಮೇಲ್ಮೈ ನೀರಿನ ಬಳಕೆಯನ್ನು 10,873ಕ್ಕೆ ಇಳಿಸಬೇಕು ಎಂಬುದು ಗುರಿ. ಅಂದರೆ 2,750 ಗಿಗಾಲೀಟರ್, ಸುಮಾರು 97 ಟಿಎಂಸಿ, ನದಿಗೆ ವಾಪಸ್. ಜೊತೆಗೆ ಇನ್ನೂ 450 ಗಿಗಾಲೀಟರ್ ಬೇರೆ ಮಾರ್ಗದಿಂದ. ಎರಡು ಕನ್ನಂಬಾಡಿ ಕಟ್ಟೆಯಷ್ಟು ನೀರನ್ನು ಪ್ರತಿ ವರ್ಷ ನದಿಗೆ ಹಿಂದಿರುಗಿಸುವ ತೀರ್ಮಾನ ಇದು. ಅಂತರ್ಜಲಕ್ಕೂ ಇದೇ ಯೋಜನೆಯಲ್ಲಿ ಮಿತಿ ಇದೆ. ಈ ಗುರಿಗಳನ್ನು ಆಮೇಲೆ ಹಲವು ಬಾರಿ ತಿದ್ದಿದ್ದಾರೆ.

ಕಡಿಮೆ ಮಳೆಯ ವರ್ಷದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗೂ ಇಲ್ಲಿ ಮೊದಲೇ ಬರೆದ ಉತ್ತರವಿದೆ. ಮರ್ರೆ ನದಿಯಲ್ಲಿ ನೀರು ಎಷ್ಟಿದೆ ಎಂಬುದರ ಮೇಲೆ ಹಂಚಿಕೆಗೆ ಮೂರು ಹಂತಗಳಿವೆ. ಪರಿಸ್ಥಿತಿ ಕೆಟ್ಟಷ್ಟೂ ನಿಯಮ ಬದಲಾಗುತ್ತದೆ. ಜನರ ಕುಡಿಯುವ ನೀರು ಯಾವಾಗಲೂ ಮೊದಲು. ನಮ್ಮ ಪತ್ರಿಕೆಗಳು ಸಂಕಷ್ಟ ಸೂತ್ರ ಎನ್ನುವುದು ಇದನ್ನೇ. ಕಾವೇರಿಯಲ್ಲಿ ಒಳ್ಳೆಯ ವರ್ಷದ ಹಂಚಿಕೆ ಸ್ಪಷ್ಟವಾಗಿದೆ: 2018ರ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ. ಆದರೆ ಕೊರತೆಯ ವರ್ಷ ಬಂದಾಗಲೆಲ್ಲ ಜಗಳ ಮೊದಲಿನಿಂದ ಶುರು. ಎಲ್ಲರೂ ಒಪ್ಪಿದ ಸಂಕಷ್ಟ ಸೂತ್ರವನ್ನು ಮಳೆ ಚೆನ್ನಾಗಿರುವ ವರ್ಷದಲ್ಲೇ ಕೂತು ಬರೆಯಬೇಕು. ಬಾಯಾರಿದಾಗ ಬಾವಿ ತೋಡಲು ಹೋದರೆ ಆಗುವುದು ಬಂದ್ ಮಾತ್ರ.

ಲೆಕ್ಕದ ಪುಸ್ತಕ

ಸಾಫ್ಟ್‌ವೇರ್‌ನವರಾದ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. 2008ರ ನಿಯಮಗಳ ಪ್ರಕಾರ 200ಕ್ಕೂ ಹೆಚ್ಚು ಸಂಸ್ಥೆಗಳು ತಮ್ಮ ನೀರಿನ ಮಾಹಿತಿಯನ್ನು ಹವಾಮಾನ ಇಲಾಖೆಗೆ ಕೊಡಲೇಬೇಕು. ನದಿಯ ಮಟ್ಟ, ಜಲಾಶಯದ ಸಂಗ್ರಹ, ಅಂತರ್ಜಲ, ಎಷ್ಟು ಎತ್ತಿದರು, ಎಷ್ಟು ವ್ಯಾಪಾರವಾಯಿತು, ಎಲ್ಲವೂ. ಮನೆಯಲ್ಲಿ ಕೂತು ಯಾರು ಬೇಕಾದರೂ ಹ್ಯೂಮ್ ಅಣೆಕಟ್ಟಿನ ಇವತ್ತಿನ ಮಟ್ಟ ನೋಡಬಹುದು.

ಕರ್ನಾಟಕದಲ್ಲೂ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಮಟ್ಟವನ್ನು ದಿನವೂ ಪ್ರಕಟಿಸುತ್ತದೆ. ಅದನ್ನು ಮೆಚ್ಚಲೇಬೇಕು. ಆದರೆ ಜಲಾಶಯದಲ್ಲಿ ಎಷ್ಟಿದೆ ಎಂಬುದು ಅರ್ಧ ಲೆಕ್ಕ. ಅದನ್ನು ಯಾರು ಎಷ್ಟು ತೆಗೆದುಕೊಂಡರು ಎಂಬುದು ಉಳಿದರ್ಧ. ಬ್ಯಾಂಕಿನಲ್ಲಿ ಬಾಕಿ ಮಾತ್ರ ತೋರಿಸಿ ಖರ್ಚಿನ ವಿವರ ಕೊಡದಿದ್ದರೆ ನಾವು ಒಪ್ಪುತ್ತೇವೆಯೇ?

ನಮ್ಮ ಹಳೆಯ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ತೂಬು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ತೀರ್ಮಾನ. ಊರೆಲ್ಲ ಅವನನ್ನು ನಂಬುತ್ತಿತ್ತು, ಏಕೆಂದರೆ ಅವನ ಲೆಕ್ಕ ಎಲ್ಲರ ಕಣ್ಣ ಮುಂದೆಯೇ ನಡೆಯುತ್ತಿತ್ತು. ಒಂದು ಕೆರೆಗೆ ಒಬ್ಬ ನೀರುಗಂಟಿ ಸಾಕು. ನಾಲ್ಕು ರಾಜ್ಯಗಳ ನದಿಗೆ ಅವನ ಜಾಗದಲ್ಲಿ ಮೀಟರು, ದಾಖಲೆ ಮತ್ತು ಕಾನೂನು ಬೇಕಾಗುತ್ತವೆ.

ತಪ್ಪಿದ್ದು ಎಲ್ಲಿ?

ಇಷ್ಟೆಲ್ಲ ಇದ್ದೂ ಎಲ್ಲವೂ ಸರಿಯಾಗಿಲ್ಲ. ಇದನ್ನು ಹೇಳದಿದ್ದರೆ ಬರಹ ಅರ್ಧವಾದೀತು.

ಮೊದಲನೆಯದು ಕಾವಲು ಸಡಿಲವಾದದ್ದು. 2004ರಲ್ಲಿ ಹುಟ್ಟಿದ ರಾಷ್ಟ್ರೀಯ ನೀರಿನ ಆಯೋಗದ ಕೆಲಸ ರಾಜ್ಯಗಳು ಕೊಟ್ಟ ಮಾತಿನಂತೆ ನಡೆಯುತ್ತಿವೆಯೇ ಎಂದು ನೋಡುವುದು. ಬರ ಮುಗಿದು ಮಳೆ ಬಂದ ಮೇಲೆ ಅದರ ಅಗತ್ಯವಿಲ್ಲ ಎನಿಸಿ 2015ರ ಹೊತ್ತಿಗೆ ಅದನ್ನು ಮುಚ್ಚಿದರು. ಪರಿಶೀಲನೆಯ ಕೆಲಸ ಉತ್ಪಾದಕತಾ ಆಯೋಗಕ್ಕೆ ಹೋಯಿತು.

ಎರಡನೆಯದು ಕಳ್ಳತನ. 2017ರ ಜುಲೈನಲ್ಲಿ ಎಬಿಸಿ ವಾಹಿನಿಯ ಫೋರ್ ಕಾರ್ನರ್ಸ್ ಕಾರ್ಯಕ್ರಮ ಡಾರ್ಲಿಂಗ್ ನದಿಯ ಮೇಲ್ಭಾಗದಲ್ಲಿ ನಿಯಮ ಮೀರಿ ನೀರೆತ್ತುವ ಆರೋಪಗಳನ್ನು ಬಯಲಿಗೆ ತಂದಿತು. ಅದರ ಬೆನ್ನಿಗೆ ತನಿಖೆಗಳಾದವು. 2018ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರತ್ಯೇಕ ನಿಯಂತ್ರಣ ಸಂಸ್ಥೆ ಮಾಡಿತು, ಮೀಟರ್ ನಿಯಮ ಬಿಗಿಯಾಯಿತು. 2021ರಲ್ಲಿ ಕೇಂದ್ರದ ಮಟ್ಟದಲ್ಲೂ ನೀರಿನ ಇನ್ಸ್‌ಪೆಕ್ಟರ್ ಜನರಲ್ ಹುದ್ದೆ ಬಂತು. ಅಂದರೆ, ಕಾಗದದ ಮೇಲೆ ಅತ್ಯುತ್ತಮ ವ್ಯವಸ್ಥೆ ಇದ್ದೂ ಪಂಪಿನ ಹತ್ತಿರ ಮೀಟರ್ ಇಲ್ಲದಿದ್ದರೆ ಏನೂ ಇಲ್ಲ.

ಮೂರನೆಯದು ಮೀನುಗಳು. 2018ರ ಡಿಸೆಂಬರ್ ಮತ್ತು 2019ರ ಜನವರಿಯಲ್ಲಿ ಮೆನಿಂಡಿ ಊರಿನ ಬಳಿ ಲಕ್ಷಗಟ್ಟಲೆ ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಆಮ್ಲಜನಕ ಮುಗಿದಿತ್ತು. ಸತ್ತವುಗಳಲ್ಲಿ ದಶಕಗಳಷ್ಟು ವಯಸ್ಸಾದ ಮರ್ರೆ ಕಾಡ್ ಮೀನುಗಳೂ ಇದ್ದವು. 2023ರ ಮಾರ್ಚ್‌ನಲ್ಲಿ, ಪ್ರವಾಹ ಇಳಿದ ಮೇಲೆ, ಅದೇ ಜಾಗದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಅದೇ ಆಯಿತು. ಸೌತ್ ಆಸ್ಟ್ರೇಲಿಯಾ ನೇಮಿಸಿದ ರಾಯಲ್ ಕಮಿಷನ್ 2019ರಲ್ಲಿ ವರದಿ ಕೊಟ್ಟು, ಯೋಜನೆಯ ಅಂಕಿಗಳನ್ನು ವಿಜ್ಞಾನಕ್ಕಿಂತ ರಾಜಕೀಯ ನಿರ್ಧರಿಸಿದೆ ಎಂದು ಕಟುವಾಗಿ ಟೀಕಿಸಿತು.

ನಾಲ್ಕನೆಯದು ಮೂಲನಿವಾಸಿಗಳ ಪಾಲು. ಕಣಿವೆಯಲ್ಲಿ 40ಕ್ಕೂ ಹೆಚ್ಚು ಮೂಲನಿವಾಸಿ ಸಮುದಾಯಗಳಿವೆ. ಅವರ ಕೈಯಲ್ಲಿರುವ ನೀರಿನ ಹಕ್ಕು ಶೇಕಡಾ ಒಂದಕ್ಕಿಂತಲೂ ಎಷ್ಟೋ ಕಡಿಮೆ. ಅವರಿಗಾಗಿ ನೀರು ಕೊಳ್ಳಲು 2018ರಲ್ಲಿ ಸರ್ಕಾರ 4 ಕೋಟಿ ಡಾಲರ್ ಘೋಷಿಸಿತು. ಆಮೇಲೆ ಅದನ್ನು 10 ಕೋಟಿಗೆ ಏರಿಸಿತು. ಹಣ ಘೋಷಿಸಿದಷ್ಟು ಬೇಗ ನೀರು ಕೈಸೇರಲಿಲ್ಲ.

2023ರ ಕೊನೆಯಲ್ಲಿ ಬಂದ ರಿಸ್ಟೋರಿಂಗ್ ಅವರ್ ರಿವರ್ಸ್ ಕಾಯ್ದೆ, ತಡವಾದ 450 ಗಿಗಾಲೀಟರ್‌ಗೆ 2027ರ ಡಿಸೆಂಬರ್‌ವರೆಗೆ ಸಮಯ ಕೊಟ್ಟು, ರೈತರಿಂದ ನೀರು ಕೊಳ್ಳುವುದರ ಮೇಲಿದ್ದ ಮಿತಿಯನ್ನು ತೆಗೆಯಿತು. ವಿಕ್ಟೋರಿಯಾ ರಾಜ್ಯ ಈ ಹೊಸ ಒಪ್ಪಂದಕ್ಕೆ ಸೇರಲಿಲ್ಲ. ಇಡೀ ಯೋಜನೆಯ ಪರಿಶೀಲನೆಗೆ ನಿಗದಿಯಾದ ವರ್ಷ 2026.

ನಗರಗಳು ಏನು ಮಾಡಿದವು?

ನಮ್ಮಲ್ಲಿ ಹೆಚ್ಚಿನವರು ನಗರದವರು. ಪರ್ತ್‌ನಲ್ಲಿ 1970ರ ದಶಕದಿಂದ ಮಳೆ ಕಡಿಮೆಯಾಗುತ್ತಾ ಬಂದಿದೆ. 2006ರಲ್ಲಿ ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. 2017ರಿಂದ ಚೆನ್ನಾಗಿ ಶುದ್ಧೀಕರಿಸಿದ ಬಳಸಿದ ನೀರನ್ನು ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ. ಸಿಡ್ನಿಯ ಘಟಕ 2010ರಲ್ಲಿ ಬಂತು. ಮೆಲ್ಬರ್ನ್‌ಗಾಗಿ ವೊಂತಾಗಿಯಲ್ಲಿ ಕಟ್ಟಿದ ಘಟಕ 2012ರಲ್ಲಿ ಮುಗಿಯುವ ಹೊತ್ತಿಗೆ ಬರ ಮುಗಿದು ಅಣೆಕಟ್ಟುಗಳು ತುಂಬಿದ್ದವು. ನೀರು ತರಿಸದಿದ್ದರೂ ಹಣ ಕಟ್ಟಬೇಕಲ್ಲ ಎಂದು ಜನ ಬೈದರು. ಮೊದಲ ನೀರು ನಮಗೆ ಬಂದದ್ದು 2017ರಲ್ಲಿ. ಇನ್ಶೂರೆನ್ಸ್ ಕಂತಿನ ಹಾಗೆ ಇದು: ಅಪಘಾತ ಆಗದ ವರ್ಷ ದಂಡ ಅನಿಸುತ್ತದೆ.

ಟುವೂಂಬಾ ಊರಿನ ಕಥೆ ಬೇರೆ. ಶುದ್ಧೀಕರಿಸಿದ ಬಳಸಿದ ನೀರನ್ನು ಕುಡಿಯಲು ಸೇರಿಸಬಹುದೇ ಎಂದು 2006ರ ಜುಲೈನಲ್ಲಿ ಜನಮತ ಕೇಳಿದರು. ಸುಮಾರು ಶೇಕಡಾ 62 ಜನ ಬೇಡ ಎಂದರು. ತಂತ್ರಜ್ಞಾನ ಸಿದ್ಧವಿತ್ತು, ನಂಬಿಕೆ ಇರಲಿಲ್ಲ.

ಇನ್ನೊಂದು ಉದಾಹರಣೆ ಬೆಂಗಳೂರು-ಮಂಡ್ಯ ಜಗಳವನ್ನೇ ಹೋಲುತ್ತದೆ. ಉತ್ತರ ವಿಕ್ಟೋರಿಯಾದ ಗೌಲ್ಬರ್ನ್ ನದಿಯಿಂದ ಮೆಲ್ಬರ್ನ್‌ಗೆ ನೀರು ತರಲು 70 ಕಿಲೋಮೀಟರ್ ಪೈಪ್‌ಲೈನ್ 2010ರಲ್ಲಿ ಮುಗಿಯಿತು. ನಮ್ಮ ನೀರನ್ನು ನಗರದ ಹುಲ್ಲುಹಾಸಿಗೆ ಕೊಡುತ್ತೀರಾ ಎಂದು ರೈತರು ಹೋರಾಟ ಮಾಡಿದರು. ಅದೇ ವರ್ಷ ಸರ್ಕಾರ ಬದಲಾಗಿ, ತೀರಾ ತುರ್ತಿನಲ್ಲಿ ಬಿಟ್ಟು ಅದನ್ನು ಬಳಸಬಾರದು ಎಂದಾಯಿತು. ಪೈಪು ನೆಲದಡಿ ಹಾಗೇ ಇದೆ.

ನಾವು ಏನು ಮಾಡಬಹುದು?

ನಮ್ಮಲ್ಲಿ ಒಬ್ಬರು ಮೊದಲು ಬಾಡಿಗೆಗೆ ಹಿಡಿದ ಮನೆಯ ಬಚ್ಚಲಿನ ಗೋಡೆಗೆ ಒಂದು ಪುಟ್ಟ ಮರಳು ಗಡಿಯಾರ ಅಂಟಿಸಿತ್ತು. ನಾಲ್ಕು ನಿಮಿಷದಲ್ಲಿ ಸ್ನಾನ ಮುಗಿಸಲಿ ಎಂದು ಬರದ ಕಾಲದಲ್ಲಿ ಹಂಚಿದ್ದು. ಮೆಲ್ಬರ್ನ್‌ನಲ್ಲಿ ಆಗ "ಟಾರ್ಗೆಟ್ 155" ಎಂಬ ಅಭಿಯಾನವಿತ್ತು: ತಲೆಗೆ ದಿನಕ್ಕೆ 155 ಲೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಬಿಂದಿಗೆಗೆ ಸ್ವಲ್ಪ ಹೆಚ್ಚು. ಬೀದಿ ನಲ್ಲಿಯಿಂದ ನೀರು ಹೊತ್ತ ಅಜ್ಜಿಯರಿಗೆ ಕೇಳಿದರೆ ನಕ್ಕಾರು!

ನಮ್ಮ ಕುಟುಂಬಗಳಿಗೆ ಉಪಯೋಗವಾಗಬಹುದಾದ ಕೆಲವು ಮಾತು:

ಬಿಲ್ಲನ್ನು ಓದಿ. ಬಿಲ್ಲಿನಲ್ಲಿ ಬಳಕೆಯ ಹಣ ಬೇರೆ, ನಿಗದಿತ ಸೇವಾ ಶುಲ್ಕ ಬೇರೆ. ವಿಕ್ಟೋರಿಯಾದಲ್ಲಿ ಪ್ರತ್ಯೇಕ ಮೀಟರ್ ಇರುವ ಮನೆಯ ಬಾಡಿಗೆದಾರರು ಸಾಮಾನ್ಯವಾಗಿ ಕೊಡಬೇಕಾದದ್ದು ಬಳಕೆಯ ಭಾಗ ಮಾತ್ರ.

ಸೋರಿಕೆ ನೋಡಿಕೊಳ್ಳಿ. ರಾತ್ರಿ ಮಲಗುವ ಮುನ್ನ ಮೀಟರ್ ಅಂಕಿ ಬರೆದಿಟ್ಟು, ಬೆಳಿಗ್ಗೆ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ. ಅಂಕಿ ಏರಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನೇರಳೆ ನಲ್ಲಿಯ ಅರ್ಥ ಮಕ್ಕಳಿಗೂ ಊರಿಂದ ಬಂದ ಅಪ್ಪ ಅಮ್ಮನಿಗೂ ಹೇಳಿ. ವೆರಿಬೀ ಕಡೆಯ ಕೆಲವು ಹೊಸ ಬಡಾವಣೆಗಳಲ್ಲೂ ಸಿಡ್ನಿಯ ರೌಸ್ ಹಿಲ್‌ನಲ್ಲೂ ಶುದ್ಧೀಕರಿಸಿದ ಬಳಸಿದ ನೀರು ಬೇರೆ ಪೈಪಿನಲ್ಲಿ ಬರುತ್ತದೆ. ಗಿಡಕ್ಕೆ, ಶೌಚಾಲಯಕ್ಕೆ ಸರಿ, ಕುಡಿಯಲು ಅಲ್ಲ.

ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಬರೆದು ಕಳಿಸಿ. ಇಲ್ಲಿ ನೀರಿನ ಯೋಜನೆಗಳ ಕರಡು ಪ್ರಕಟವಾದಾಗ ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು. ನಾವು ತೆರಿಗೆ ಕಟ್ಟುತ್ತೇವೆ, ಈ ನೀರು ಕುಡಿಯುತ್ತೇವೆ. ನಮಗೂ ಹೇಳುವ ಹಕ್ಕಿದೆ.

ಕೊನೆಯ ಮಾತು

ಆಫೀಸಿನಲ್ಲಿ ನಮ್ಮ ಪಕ್ಕದ ಮೇಜಿನವರು ತಂಜಾವೂರಿನವರು. 2023ರಲ್ಲಿ ಎರಡೂ ಕಡೆ ಬಿಸಿ ಏರಿದ್ದಾಗ ಮಧ್ಯಾಹ್ನದ ಊಟಕ್ಕೆ ಒಟ್ಟಿಗೇ ಕೂತಿದ್ದೆವು. ಅವರ ಅಣ್ಣನ ಕುರುವೈ ಬೆಳೆ ಒಣಗುತ್ತಿತ್ತು. ಮಳವಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಕಬ್ಬಿಗೆ ನಾಲೆಯ ನೀರು ನಿಂತಿತ್ತು. ಯಾರದು ಸರಿ ಎಂದು ವಾದಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅವರು ಕೇಳಿದ್ದು ಒಂದೇ: "ನಿಮ್ಮ ಕಟ್ಟೆಯಲ್ಲಿ ನಿಜವಾಗಿ ಎಷ್ಟಿದೆ?" ನಾವು ಫೋನ್ ತೆಗೆದು ಅವತ್ತಿನ ಅಂಕಿ ತೋರಿಸಿದೆವು. ಅವರು ಮೆಟ್ಟೂರಿನದನ್ನು ತೋರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ದನಿ ತಾನಾಗಿ ತಗ್ಗಿತು.

ಮರ್ರೆ-ಡಾರ್ಲಿಂಗ್‌ನಿಂದ ನಾವು ಕಲಿತದ್ದೂ ಇಷ್ಟೇ. ಎಲ್ಲರೂ ಒಪ್ಪುವ ಅಳತೆ, ಬರಕ್ಕೆ ಮೊದಲೇ ಬರೆದ ನಿಯಮ, ನದಿಗೂ ಒಂದು ಪಾಲು, ಕಾಯುವವರನ್ನು ಮಳೆ ಬಂದ ಮೇಲೂ ಉಳಿಸಿಕೊಳ್ಳುವುದು. ನೀರಿನ ವ್ಯಾಪಾರ ನಮ್ಮ ಸಣ್ಣ ಹಿಡುವಳಿಯ ರೈತರಿಗೆ ಹೊಂದುತ್ತದೆ ಎಂದು ನಮಗೆ ಅನಿಸುವುದಿಲ್ಲ; ಇಲ್ಲಿಯೇ ಅದು ಊರುಗಳನ್ನು ಸೊರಗಿಸಿದೆ. ಆದರೆ ಲೆಕ್ಕ ಇಡಲು ದೊಡ್ಡ ಹಿಡುವಳಿ ಬೇಕಿಲ್ಲ.

ಮುಂದಿನ ಸಲ ಸಿಡ್ನಿಗೆ ಹೋಗುವಾಗ ಆಲ್ಬರಿಯಲ್ಲಿ ಅರ್ಧ ಗಂಟೆ ಹೆಚ್ಚು ನಿಲ್ಲಿಸಿ, ಹ್ಯೂಮ್ ಅಣೆಕಟ್ಟಿನ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬುತ್ತಿ ಬಿಚ್ಚಲು ಒಳ್ಳೆಯ ಜಾಗ. ಕನ್ನಂಬಾಡಿ ಕಟ್ಟೆಯ ಕಥೆಯನ್ನೂ ಅಲ್ಲೇ ಹೇಳಿ.